ಪ್ಯಾನೆಲ್ ಬರ್ತಿಲ್ವಾ? ಫಾರ್ಮ್ಯಾಟ್ ಅನ್ನೋಕೆ ಮುಂಚೆ ಇದನ್ನ ಓದಿ

1/8

ಲಾಗಿನ್ ಆಗಿದೆ. ಪಾಸ್‌ವರ್ಡ್ ತಗೊಂಡಿದೆ, ವಾಲ್‌ಪೇಪರ್ ಬಂದಿದೆ, ಮೌಸ್ ಬಾಣಾನೂ ಓಡಾಡ್ತಿದೆ. ಆದ್ರೆ ಕೆಳಗಡೆ ಇರ್ಬೇಕಾದ ಪಟ್ಟಿ ಮಾತ್ರ ಇಲ್ಲ. ಸ್ಟಾರ್ಟ್ ಬಟನ್ ಇಲ್ಲ, ಗಡಿಯಾರ ಇಲ್ಲ, ವೈಫೈ ಗುರುತೂ ಇಲ್ಲ. ವಿಂಡೋಸ್‌ನವರು ಅದನ್ನ ಟಾಸ್ಕ್‌ಬಾರ್ ಅಂತಾರೆ, ಲಿನಕ್ಸ್‌ನವರು ಪ್ಯಾನೆಲ್ ಅಂತಾರೆ. ಹೆಸರು ಏನೇ ಇರ್ಲಿ, ಅದು ಬರ್ಲಿಲ್ಲ ಅಂದ್ರೆ ರಾಜಾಜಿನಗರದಿಂದ ಕೆಂಗೇರಿವರೆಗೂ ಯಾರನ್ನ ಕೇಳಿ, ಬರೋ ಮಾತು ಒಂದೇ: "ಫಾರ್ಮ್ಯಾಟ್ ಹೊಡಿಸ್ಬಿಡು ಗುರು."

ಈ ಸರಣಿ ಪೂರ್ತಿ ಆ ಒಂದು ಮಾತಿನ ವಿರುದ್ಧ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಪ್ಯಾನೆಲ್ ಬರ್ತಿಲ್ಲ ಅನ್ನೋದಕ್ಕೆ ಫಾರ್ಮ್ಯಾಟ್ ಕೊನೇ ಉತ್ತರ ಆಗ್ಬಹುದು, ಮೊದಲನೇದು ಆಗ್ಬಾರ್ದು. ಹತ್ತು ನಿಮಿಷ ನಾವೇ ನೋಡ್ಬೇಕು. ನಮಗೆ ಬರಲ್ಲ ಅಂದ್ರೆ ನೋಡೋಕೆ ಬರೋರಿಗೆ ದುಡ್ಡು ಕೊಡ್ಬೇಕು. ಬಿಕಾಂ ಓದ್ತಿರೋ ನಾವು ಇದನ್ನ ಇಂಜಿನಿಯರಿಂಗ್‌ನವರಿಗಿಂತ ಮೊದಲು ಹೇಳ್ಬೇಕು. ಯಾಕೆ ಅಂತ ಮೂರನೇ ಭಾಗದಲ್ಲಿದೆ.

ಓದೋಕೆ ಮುಂಚೆ ಒಂದು ಸೂಚನೆ: ಟೈಪ್ ಮಾಡ್ಬೇಕಾದ ಕಮಾಂಡ್‌ಗಳ ಸ್ಪೆಲ್ಲಿಂಗ್ ಫೋಟೋಗಳಲ್ಲಿದೆ. ಇಲ್ಲಿ ಓದ್ಕೊಳ್ಳಿ, ಅಲ್ಲಿ ನೋಡಿ ಟೈಪ್ ಮಾಡಿ.

2/8

ಮೊದಲು ಏನಾಗಿದೆ ಅಂತ ಅರ್ಥ ಮಾಡ್ಕೊಳ್ಳೋಣ.

ವಿಜಯನಗರ ಮೆಟ್ರೋ ಸ್ಟೇಷನ್‌ಗೆ ಹೋದ್ರಿ. ಕಾರ್ಡ್ ತೋರಿಸಿದ್ರಿ, ಗೇಟ್ ತೆಗೀತು, ಮೇಲೆ ಹತ್ತಿದ್ರಿ. ನೋಡಿದ್ರೆ ಮುಂದಿನ ರೈಲು ಎಷ್ಟು ನಿಮಿಷಕ್ಕೆ ಅಂತ ತೋರಿಸೋ ಬೋರ್ಡ್ ಆಫ್ ಆಗಿದೆ. ನೀವು ಏನ್ ಮಾಡ್ತೀರಾ? ಸ್ಟೇಷನ್ ಕೆಡವಿ ಹೊಸದು ಕಟ್ಟಿ ಅಂತೀರಾ? ಬೋರ್ಡ್ ಕೆಟ್ಟಿದೆ ಅಂದ್ಕೊಂಡು ರೈಲಿಗೆ ಕಾಯ್ತೀರಾ.

ಕಂಪ್ಯೂಟರ್‌ನಲ್ಲೂ ಹಾಗೇ. ಲಾಗಿನ್ ಆಗಿದೆ ಅಂದ್ರೆ ದೊಡ್ಡ ದೊಡ್ಡ ಕೆಲಸ ಆಗ್ಲೇ ಮುಗಿದಿದೆ. ಡಿಸ್ಕ್ ಓದಿದೆ, ಆಪರೇಟಿಂಗ್ ಸಿಸ್ಟಮ್ ಎದ್ದಿದೆ, ನೀವು ಯಾರು ಅಂತ ಗುರುತು ಹಿಡಿದಿದೆ. ಪ್ಯಾನೆಲ್ ಅನ್ನೋದು ಅದಾದ್ಮೇಲೆ ಶುರುವಾಗೋ ಇನ್ನೊಂದು ಪ್ರೋಗ್ರಾಂ ಅಷ್ಟೇ.

ವಿಂಡೋಸ್‌ನಲ್ಲಿ ಆ ಕೆಲಸ ಎಕ್ಸ್‌ಪ್ಲೋರರ್ ಅನ್ನೋ ಪ್ರೋಗ್ರಾಂದು. ನೀವು ಫೋಲ್ಡರ್ ತೆಗೆದಾಗ ಬರೋ ಅದೇ ಎಕ್ಸ್‌ಪ್ಲೋರರ್. ಡೆಸ್ಕ್‌ಟಾಪ್ ಐಕಾನ್‌ಗಳನ್ನ ಜೋಡಿಸೋದೂ ಅದೇ, ಟಾಸ್ಕ್‌ಬಾರ್ ಎಳೆಯೋದೂ ಅದೇ. ಹಾಗಾಗಿ ಅದು ಬಿದ್ದೋದ್ರೆ ಎರಡೂ ಒಟ್ಟಿಗೆ ಮಾಯ.

ಲಿನಕ್ಸ್‌ನಲ್ಲಿ ಹಳೇ ಕಂಪ್ಯೂಟರ್‌ಗಳಿಗೆ ಹಾಕೋ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಹಂಚಿಕೊಂಡಿರ್ತಾರೆ. ವಿಂಡೋಗಳ ಅಂಚು ನೋಡ್ಕೊಳ್ಳೋಕೆ ಒಬ್ಬ, ವಾಲ್‌ಪೇಪರ್‌ಗೆ ಒಬ್ಬ, ಸೆಟ್ಟಿಂಗ್ಸ್‌ಗೆ ಒಬ್ಬ, ಪ್ಯಾನೆಲ್‌ಗೆ ಇನ್ನೊಬ್ಬ. ಪ್ಯಾನೆಲ್‌ನೋನು ರಜಾ ಹಾಕಿದ್ರೆ ಉಳಿದ ಮೂವರು ಡ್ಯೂಟಿ ಮಾಡ್ತಾನೇ ಇರ್ತಾರೆ. ಅದಕ್ಕೇ ವಾಲ್‌ಪೇಪರ್ ಕಾಣುತ್ತೆ, ಪಟ್ಟಿ ಕಾಣಲ್ಲ.

ಇದು ನಿಮ್ಮ ತಪ್ಪಿಂದಾನೇ ಆಗಿರ್ಬೇಕು ಅಂತೇನಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 2025ರ ಜುಲೈನಿಂದ ಬಂದ ಮಾಸಿಕ ಅಪ್‌ಡೇಟ್‌ಗಳನ್ನ ಹಾಕಿ ಸಿದ್ಧ ಮಾಡಿದ ಕಂಪ್ಯೂಟರ್‌ಗಳಲ್ಲಿ, ಮೊದಲ ಸಲ ಲಾಗಿನ್ ಆದಾಗ ಟಾಸ್ಕ್‌ಬಾರ್, ಸ್ಟಾರ್ಟ್ ಮೆನು, ಎಕ್ಸ್‌ಪ್ಲೋರರ್ ಏಳದೇ ಹೋಗ್ಬಹುದು ಅಂತ ಮೈಕ್ರೋಸಾಫ್ಟ್ ತಾನೇ ಹೇಳಿದೆ. ಕಾರಣ ಏನ್ ಗೊತ್ತಾ? ಅವಕ್ಕೆ ಬೇಕಾದ ಕೆಲವು ಭಾಗಗಳು ಸಮಯಕ್ಕೆ ಸರಿಯಾಗಿ ರಿಜಿಸ್ಟರ್ ಆಗ್ತಿರ್ಲಿಲ್ಲ. ಅಂಥ ಕಂಪ್ಯೂಟರ್‌ನಲ್ಲಿ ಡಿಸ್ಕೂ ಚೆನ್ನಾಗಿರುತ್ತೆ, ಫೈಲೂ ಚೆನ್ನಾಗಿರುತ್ತೆ.

3/8

ಈಗ ಬಿಕಾಂ ವಿಷಯಕ್ಕೆ ಬರೋಣ.

"ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ, ಡಿ ಡ್ರೈವ್ ಸೇಫ್" ಅಂತಾರೆ. ಕೇಳೋಕೆ ಸಮಾಧಾನ. ಆದ್ರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇರೋದು ಎಲ್ಲಿ? ನೀವಾಗೇ ಬದಲಾಯಿಸಿಲ್ಲ ಅಂದ್ರೆ ಮೂರೂ ಸಿ ಡ್ರೈವ್‌ನಲ್ಲೇ. ಟ್ಯಾಲಿ ಡೇಟಾ? ಇನ್‌ಸ್ಟಾಲ್ ಮಾಡುವಾಗ ಬದಲಾಯಿಸಿಲ್ಲ ಅಂದ್ರೆ ಅದೂ ಸಿ ಡ್ರೈವ್‌ನಲ್ಲೇ, ಯೂಸರ್ಸ್ ಒಳಗೆ, ಪಬ್ಲಿಕ್ ಒಳಗೆ, ಟ್ಯಾಲಿ ಫೋಲ್ಡರ್ ಒಳಗೆ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿ, 1986ರಲ್ಲಿ ಶುರುವಾಗಿದ್ದು. ಲ್ಯಾಬ್‌ನಲ್ಲಿ ವೋಚರ್ ಎಂಟ್ರಿ ಕಲೀತೀವಿ, ಜಿಎಸ್‌ಟಿ ಲೆಡ್ಜರ್ ಮಾಡೋದು ಕಲೀತೀವಿ. ಆ ಎಂಟ್ರಿ ಹೋಗಿ ಯಾವ ಫೋಲ್ಡರ್‌ನಲ್ಲಿ ಕೂತ್ಕೊಳ್ಳುತ್ತೆ ಅಂತ ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಗೊತ್ತು? ಕಾಮೆಂಟ್‌ನಲ್ಲಿ ಹೇಳಿ.

ನಮ್ಮ ಬೀದಿಯಲ್ಲಿ ಒಬ್ಬರು ಅಂಕಲ್ ಇದಾರೆ. ಸಣ್ಣ ವರ್ಕ್‌ಶಾಪ್ ಒಂದಕ್ಕೆ ಲೆಕ್ಕ ಬರೀತಾರೆ. ಟಾಸ್ಕ್‌ಬಾರ್ ಬರ್ತಿಲ್ಲ ಅಂತ ಸಿಪಿಯು ಎತ್ಕೊಂಡು ಒಂದು ಅಂಗಡಿಗೆ ಹೋದ್ರು. ಸಂಜೆಗೆ ಹೊಚ್ಚ ಹೊಸ ವಿಂಡೋಸ್ ಜೊತೆ ವಾಪಸ್ ಬಂದ್ರು. ನಾಲ್ಕು ತಿಂಗಳ ಪರ್ಚೇಸ್, ಸೇಲ್ಸ್ ಎಲ್ಲಾ ಹೋಗಿತ್ತು. ಹಳೇ ಬ್ಯಾಕಪ್ ಇದ್ದಿದ್ದು ಮಾರ್ಚ್‌ವರೆಗೆ ಮಾತ್ರ. ಎರಡು ಭಾನುವಾರ ಅವರ ಮನೇಲಿ ಕೂತು ನಾನು ಬಿಲ್ ಓದ್ತಾ ಹೋದೆ, ಅವರು ಮತ್ತೆ ಎಂಟ್ರಿ ಹಾಕ್ತಾ ಹೋದ್ರು. ಒಂದಷ್ಟು ಬಿಲ್ ಸಿಗ್ಲೇ ಇಲ್ಲ. ಅಂಕಲ್ ಯಾರನ್ನೂ ಬೈಲಿಲ್ಲ. "ಕಂಪ್ಯೂಟರ್ ಅಂದ್ರೆ ಹಿಂಗೇ ಅಲ್ವೇನಪ್ಪಾ" ಅಂದ್ರು. ನನಗೆ ಜಾಸ್ತಿ ಬೇಜಾರಾಗಿದ್ದು ಆ ಮಾತಿಗೆ. ಕಂಪ್ಯೂಟರ್ ಅಂದ್ರೆ ಹಿಂಗೇನೂ ಅಲ್ಲ.

ಕಾನೂನೂ ಇದನ್ನ ಸುಮ್ನೆ ಬಿಡಲ್ಲ. ಸಿಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಕೊಂಡಿರ್ಬೇಕು. ಕಂಪನಿಗಳಾದ್ರೆ 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ 8 ಹಣಕಾಸು ವರ್ಷ. ಅಂದ್ರೆ ಒಂದು ಪಟ್ಟಿ ಕಾಣ್ತಿಲ್ಲ ಅಂತ ಆರು ವರ್ಷ, ಎಂಟು ವರ್ಷ ಜೋಪಾನ ಮಾಡ್ಬೇಕಾದ ಪುಸ್ತಕಾನ ಒರೆಸಿ ಹಾಕ್ತಿದೀವಿ.

ಇನ್ನೊಂದು ನಷ್ಟ ಇದೆ, ಅದು ಕನ್ನಡದವರಿಗೆ ಮಾತ್ರ ಗೊತ್ತಾಗೋದು. ಮನೇಲಿ ಹಳೇ ನುಡಿ ಫೈಲ್‌ಗಳಿದ್ರೆ ಗಮನ ಕೊಡಿ. ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇದ್ರೆ ಮಾತ್ರ ಕನ್ನಡವಾಗಿ ಕಾಣುತ್ತೆ. ಫಾರ್ಮ್ಯಾಟ್‌ನಲ್ಲಿ ಫಾಂಟ್ ಹೋಯ್ತು ಅಂದ್ರೆ ಡಿ ಡ್ರೈವ್‌ನಲ್ಲಿ ಉಳಿದ ಫೈಲ್ ತೆಗೆದ್ರೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಷ್ಟೋ ಜನ "ಫೈಲ್ ಕರಪ್ಟ್ ಆಗಿದೆ" ಅಂತ ಡಿಲೀಟ್ ಮಾಡ್ಬಿಡ್ತಾರೆ. ಮಾಡ್ಬೇಡಿ! ಫಾಂಟ್ ವಾಪಸ್ ಹಾಕಿದ್ರೆ ಅಜ್ಜನ ಲೇಖನ, ಅಮ್ಮನ ಭಜನೆ ಪುಸ್ತಕ ಎಲ್ಲಾ ಹಾಗೇ ಬರುತ್ತೆ.

4/8

ವಿಂಡೋಸ್ ಇರೋರಿಗೆ. ಒಂದೊಂದೇ ಹೆಜ್ಜೆ, ಇದೇ ಕ್ರಮದಲ್ಲಿ.

ಒಂದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬಂತಾ? ಹಾಗಾದ್ರೆ ಕಂಪ್ಯೂಟರ್ ಜೀವಂತ ಇದೆ, ಅರ್ಧ ಟೆನ್ಷನ್ ಇಲ್ಲೇ ಬಿಡಿ.

ಎರಡು. ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಇದೆಯಾ ನೋಡಿ. ಇದ್ರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಇಲ್ಲ ಅಂದ್ರೆ "ರನ್ ನ್ಯೂ ಟಾಸ್ಕ್" ಒತ್ತಿ ಎಕ್ಸ್‌ಪ್ಲೋರರ್ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ. ಸಾಕಷ್ಟು ಸಲ ಇಲ್ಲಿಗೇ ಮುಗಿಯುತ್ತೆ.

ಮೂರು. ಬರ್ಲಿಲ್ವಾ? ಮುಂದಿನ ಪ್ರಯೋಗಕ್ಕೆ ಮುಂಚೆ ಫೈಲ್ ಉಳಿಸ್ಕೊಳ್ಳಿ. ಇದನ್ನ ತುಂಬಾ ಜನಕ್ಕೆ ಯಾರೂ ಹೇಳಿಕೊಡಲ್ಲ: ಅದೇ "ರನ್ ನ್ಯೂ ಟಾಸ್ಕ್" ಡಬ್ಬದಲ್ಲಿ "ಬ್ರೌಸ್" ಅಂತ ಬಟನ್ ಇದೆ. ಒತ್ತಿದ್ರೆ ಫೋಲ್ಡರ್‌ಗಳು ಕಾಣುತ್ತೆ. ಕೆಳಗಡೆ "ಆಲ್ ಫೈಲ್ಸ್" ಆರಿಸಿ. ಅಲ್ಲೇ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಟ್ಯಾಲಿ ಡೇಟಾ ಫೋಲ್ಡರ್ ಮೊದಲು, ಫೋಟೋ ಆಮೇಲೆ.

ನಾಲ್ಕು. ಪ್ರತಿ ಸಲ ಲಾಗಿನ್ ಆದಾಗ್ಲೂ ಇದೇ ಕಥೆ ಅಂದ್ರೆ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ನೋಡಿ. ಇತ್ತೀಚೆಗೆ ಹಾಕಿದ್ದು ಯಾವುದಾದ್ರೂ ಇದ್ರೆ ಡಿಸೇಬಲ್ ಮಾಡಿ. ಟಾಸ್ಕ್‌ಬಾರ್‌ನ ಅಂದ ಚಂದ ಬದಲಾಯಿಸೋ ಆ್ಯಪ್ ಹಾಕಿದ್ರೆ ಮೊದಲ ಅನುಮಾನ ಅದರ ಮೇಲೇ.

ಐದು. ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ರೆ ರಿಪೇರಿ ಮೆನು ಬರುತ್ತೆ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗಿ. ಸೇಫ್ ಮೋಡ್‌ನಲ್ಲಿ ಟಾಸ್ಕ್‌ಬಾರ್ ಬಂದ್ರೆ ಹೊರಗಿನ ಪ್ರೋಗ್ರಾಂ ಅಥವಾ ಡ್ರೈವರ್ ಮೇಲೆ ಅನುಮಾನ ಪಡಿ. ಅದೇ ರಿಪೇರಿ ಮೆನುವಿನಲ್ಲಿ ಕೊನೇ ಅಪ್‌ಡೇಟ್ ತೆಗೆಯೋಕೂ ದಾರಿ ಇದೆ.

ಇಷ್ಟಾದ್ರೂ ಬರ್ಲಿಲ್ಲ ಅಂದ್ರೆ ಆಗ ಅಂಗಡಿಗೆ ಹೋಗಿ. ಈಗ ನಿಮ್ಮ ಕೈಯಲ್ಲಿ ಬ್ಯಾಕಪ್ ಇದೆ. ಹೆದರ್ಕೊಂಡು ಹೋಗೋದಕ್ಕೂ ಬ್ಯಾಕಪ್ ಇಟ್ಕೊಂಡು ಹೋಗೋದಕ್ಕೂ ತುಂಬಾ ವ್ಯತ್ಯಾಸ ಇದೆ.

5/8

ಲಿನಕ್ಸ್ ಇರೋರಿಗೆ.

"ನಮ್ಮ ಏರಿಯಾದಲ್ಲಿ ಯಾರ್ ಗುರು ಲಿನಕ್ಸ್ ಬಳಸ್ತಾರೆ" ಅಂತ ಕೇಳ್ಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿತು. ವಿಂಡೋಸ್ 11 ಹಾಕೋಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಮೇಲಿನದು ಬೇಕು. ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟಕ್ಕೆ ಆ ಅರ್ಹತೆ ಇದೆ? ಅದಕ್ಕೇ ಈಗ ಲಿನಕ್ಸ್ ಮಿಂಟ್, ಜುಬುಂಟು ಅನ್ನೋ ಹೆಸರು ಹಾಸ್ಟೆಲ್, ಪಿಜಿಗಳಲ್ಲೂ ಕೇಳ್ತಿದೆ. ಅಂದ ಹಾಗೆ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡಕ್ಕೆ "ಕಗಪ" ಅಂತಾನೇ ಒಂದು ವಿನ್ಯಾಸ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳು.

ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಪ್ಯಾನೆಲ್ ಬರ್ಲಿಲ್ಲ ಅಂದ್ರೆ:

ಒಂದು. ಕಂಟ್ರೋಲ್, ಆಲ್ಟ್, ಟಿ ಒತ್ತಿ. ಟರ್ಮಿನಲ್ ಬರುತ್ತೆ. ಬರ್ಲಿಲ್ಲ ಅಂದ್ರೆ ಆಲ್ಟ್ ಜೊತೆ ಎಫ್2 ಒತ್ತಿ ಅಲ್ಲಿಂದ ಟರ್ಮಿನಲ್ ತೆಗೀರಿ.

ಎರಡು. ಪ್ಯಾನೆಲ್‌ನ ಹೆಸರು ಟೈಪ್ ಮಾಡಿ ಎಂಟರ್ (ಫೋಟೋ 5). ಮೂರು ಥರ ಉತ್ತರ ಬರ್ಬಹುದು. ಪ್ಯಾನೆಲ್ ಎದ್ದು ಬಂದ್ರೆ ಪ್ಯಾನೆಲ್ ಚೆನ್ನಾಗೇ ಇದೆ, ಲಾಗಿನ್ ಟೈಮಲ್ಲಿ ಅದನ್ನ ಯಾರೂ ಕರೀತಿಲ್ಲ ಅಷ್ಟೇ. "ಈಗಾಗಲೇ ಒಂದು ಓಡ್ತಿದೆ" ಅನ್ನೋ ಅರ್ಥದ ಸಂದೇಶ ಬಂದ್ರೆ ಅದು ಎಲ್ಲೋ ಅಡಗಿದೆ. ತಾನಾಗೇ ಮರೆಯಾಗೋ ಸೆಟ್ಟಿಂಗ್ ಆನ್ ಇರ್ಬಹುದು, ಇಲ್ಲಾ ನೀವು ಟಿವಿಗೆ ಕನೆಕ್ಟ್ ಮಾಡಿದ್ದಾಗ ಆ ಪರದೆಗೆ ಹೋದದ್ದು ವಾಪಸ್ ಬಂದಿಲ್ಲದೇ ಇರ್ಬಹುದು. ಮೂರನೇದು ಎರರ್. ಹೆದರ್ಬೇಡಿ, ಓದಿ. ಕೆಟ್ಟಿರೋ ಪ್ಲಗಿನ್ ಹೆಸರು ಎಷ್ಟೋ ಸಲ ಅಲ್ಲೇ ಬರೆದಿರುತ್ತೆ.

ಮೂರು. ಡಿಸ್ಕ್ ತುಂಬಿದೆಯಾ ನೋಡಿ. ನೂರಕ್ಕೆ ನೂರು ಅಂತ ತೋರಿಸಿದ್ರೆ ಪ್ರೋಗ್ರಾಂಗಳಿಗೆ ತಮ್ಮ ಸೆಟ್ಟಿಂಗ್ ಬರೆದುಕೊಳ್ಳೋಕೂ ಜಾಗ ಇರಲ್ಲ. ಕಸದ ಬುಟ್ಟಿ ಖಾಲಿ ಮಾಡಿ, ಡೌನ್‌ಲೋಡ್ಸ್ ಖಾಲಿ ಮಾಡಿ. ಮಿಂಟ್ ಆದ್ರೆ ಟೈಮ್‌ಶಿಫ್ಟ್ ತೆಗೆದಿಟ್ಟ ಹಳೇ ಸ್ನ್ಯಾಪ್‌ಶಾಟ್‌ಗಳನ್ನೂ ನೋಡಿ.

ನಾಲ್ಕು. ಹೊಸ ಯೂಸರ್ ಒಬ್ಬನನ್ನ ಮಾಡಿ ಅದರಲ್ಲಿ ಲಾಗಿನ್ ಆಗಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಇದು, ವಿಂಡೋಸ್‌ಗೂ ನಡೆಯುತ್ತೆ. ಅಲ್ಲಿ ಪ್ಯಾನೆಲ್ ಬಂದ್ರೆ ಸಿಸ್ಟಮ್ ಸರಿ ಇದೆ, ತೊಂದ್ರೆ ಇರೋದು ನಿಮ್ಮ ಹೋಮ್ ಫೋಲ್ಡರ್‌ನ ಒಂದೆರಡು ಸೆಟ್ಟಿಂಗ್ ಫೈಲ್‌ನಲ್ಲಿ. ಹಾಗಿದ್ಮೇಲೆ ಇಡೀ ಕಂಪ್ಯೂಟರ್‌ನ ಒರೆಸೋಕೆ ಕಾರಣವೇ ಇಲ್ಲ.

6/8

ಆ ಸೆಟ್ಟಿಂಗ್ ಫೈಲ್‌ನ ಏನ್ ಮಾಡೋದು? ಇಲ್ಲಿ ನಮ್ಮ ಫಸ್ಟ್ ಇಯರ್ ಅಕೌಂಟ್ಸ್ ಸಾಕು.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಲೆಡ್ಜರ್ ಹರಿದು ಹಾಕಿ ಏಪ್ರಿಲ್ 1ರಿಂದ ಮತ್ತೆ ಬರೀತೀವಾ? ಇಲ್ಲ. ಮೊದಲು ಮೊತ್ತ ಮತ್ತೆ ಕೂಡ್ತೀವಿ. ಆಮೇಲೆ ಪೋಸ್ಟಿಂಗ್ ನೋಡ್ತೀವಿ. ವ್ಯತ್ಯಾಸವನ್ನ ಎರಡರಿಂದ ಭಾಗಿಸಿ, ಡೆಬಿಟ್‌ಗೆ ಹೋಗ್ಬೇಕಾದ್ದು ಕ್ರೆಡಿಟ್‌ಗೆ ಹೋಗಿದೆಯಾ ಹುಡುಕ್ತೀವಿ. ಸಿಗ್ಲಿಲ್ಲ ಅಂದ್ರೆ ಆ ಮೊತ್ತವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಕೆಲಸ ಮುಂದುವರಿಸ್ತೀವಿ. ತಪ್ಪು ಸಿಕ್ಕಾಗ ಅಲ್ಲಿಂದ ತೆಗೀತೀವಿ.

ಸೆಟ್ಟಿಂಗ್ ಫೈಲ್‌ಗೂ ಇದೇ ನಿಯಮ. ಡಿಲೀಟ್ ಮಾಡ್ಬೇಡಿ, ಹೆಸರು ಬದಲಾಯಿಸಿ. ಹಳೇ ಹೆಸರಿನ ಕೊನೆಗೆ "ಹಳೇದು" ಅಂತ ಸೇರಿಸಿ ಪಕ್ಕಕ್ಕಿಡಿ. ಇದು ನಮ್ಮ ಸಸ್ಪೆನ್ಸ್ ಅಕೌಂಟ್. ಪ್ಯಾನೆಲ್ ಬಂದು ತನ್ನ ಫೈಲ್ ಹುಡುಕುತ್ತೆ, ಸಿಗಲ್ಲ, ಹೊಸದೊಂದು ತಾನೇ ಬರ್ಕೊಳ್ಳುತ್ತೆ. ಸರಿ ಹೋಯ್ತಾ, ಸಂತೋಷ. ಹೋಗ್ಲಿಲ್ವಾ, ಹಳೇ ಹೆಸರು ವಾಪಸ್ ಕೊಟ್ರೆ ಎಲ್ಲಾ ಇದ್ದ ಹಾಗೇ.

ಎಕ್ಸ್‌ಎಫ್‌ಸಿಇಯಲ್ಲಿ ಹೀಗೆ ಪಕ್ಕಕ್ಕಿಡ್ಬೇಕಾದ ಜಾಗ ಎರಡು. ಒಂದು, ಕ್ಯಾಶ್ ಒಳಗಿರೋ ಸೆಷನ್ಸ್ ಫೋಲ್ಡರ್. ಲಾಗೌಟ್ ಆಗುವಾಗ "ಸೇವ್ ಸೆಷನ್" ಟಿಕ್ ಇದ್ರೆ, ಪ್ಯಾನೆಲ್ ಬಿದ್ದೋಗಿದ್ದ ಸ್ಥಿತೀನೇ ನೆನಪಿಟ್ಕೊಂಡು ಮತ್ತೆ ಹಾಗೇ ಎಬ್ಬಿಸುತ್ತೆ. ಪಕ್ಕಕ್ಕಿಟ್ಟು, ಮುಂದಿನ ಸಲ ಆ ಟಿಕ್ ತೆಗೀರಿ. ಎರಡು, ಪ್ಯಾನೆಲ್‌ನ ಸ್ವಂತ ಸೆಟ್ಟಿಂಗ್ ಫೈಲ್. ಇದನ್ನ ಮುಟ್ಟೋಕೆ ಮುಂಚೆ ಪ್ಯಾನೆಲ್‌ನೂ ನಿಲ್ಲಿಸ್ಬೇಕು, ಸೆಟ್ಟಿಂಗ್‌ಗಳನ್ನ ಮೆಮೊರಿಯಲ್ಲಿ ಇಟ್ಕೊಂಡಿರೋ ಎಕ್ಸ್‌ಎಫ್‌ಕಾನ್ಫ್ ಸೇವೇನೂ ನಿಲ್ಲಿಸ್ಬೇಕು. ಇಲ್ಲಾಂದ್ರೆ ನೀವು ಈ ಕಡೆ ಹೆಸರು ಬದಲಾಯಿಸ್ತಿದ್ರೆ ಅದು ಆ ಕಡೆ ಹಳೇದನ್ನೇ ಮತ್ತೆ ಬರೆದಿಡುತ್ತೆ. ಕ್ರಮ ಫೋಟೋ 6ರಲ್ಲಿದೆ. ಮೇಟ್ ಡೆಸ್ಕ್‌ಟಾಪ್ ಆದ್ರೆ ಪ್ಯಾನೆಲ್‌ನ ಮೊದಲಿನ ಸ್ಥಿತಿಗೆ ತರೋಕೆ ರೀಸೆಟ್ ಅಂತ ಒಂದೇ ಕಮಾಂಡ್ ಇದೆ, ಅದೂ ಅಲ್ಲೇ ಇದೆ.

7/8

ಅಂಗಡಿಯವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ಟೇಬಲ್ ಮೇಲೆ ಎಂಟು ಮೆಷಿನ್, ಬಾಗಿಲಲ್ಲಿ "ಅಣ್ಣಾ ಆಯ್ತಾ" ಅಂತ ಮೂರು ಜನ. ಫಾರ್ಮ್ಯಾಟ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅವರಿಗೆ ಗೊತ್ತು, ರೇಟೂ ಫಿಕ್ಸ್. ತೊಂದ್ರೆ ಹುಡುಕೋಕೆ ಐದು ನಿಮಿಷಾನೂ ಆಗ್ಬಹುದು, ಮೂರು ಗಂಟೇನೂ ಆಗ್ಬಹುದು. ಐದೇ ನಿಮಿಷದಲ್ಲಿ ಸರಿ ಮಾಡಿ ಐನೂರು ಕೇಳಿದ್ರೆ ನಾವು ಕೊಡ್ತೀವಾ? "ಅಷ್ಟಕ್ಕೆ ಐನೂರಾ?" ಅಂತೀವಿ. ಇಡೀ ಡಿಸ್ಕ್ ಒರೆಸಿದ್ರೆ ಮಾತಾಡದೇ ಕೊಡ್ತೀವಿ. ಫಾರ್ಮ್ಯಾಟ್ ಅಭ್ಯಾಸ ಬೆಳೆಸಿದ್ದು ಅಂಗಡಿ ಮಾತ್ರ ಅಲ್ಲ, ಗಿರಾಕಿಗಳಾದ ನಾವೂ ಹೌದು. ಡಾಕ್ಟರ್‌ಗೆ ಕನ್ಸಲ್ಟೇಷನ್ ಫೀಸ್ ಕೊಡೋರು ಇಲ್ಲಿ ಯಾಕೆ ಕೊಡಲ್ಲ?

ಫಾರ್ಮ್ಯಾಟ್ ಸರಿಯಾದ ಉತ್ತರ ಆಗೋ ಸಂದರ್ಭಾನೂ ಇದೆ. ವೈರಸ್ ಎಲ್ಲಾ ಕಡೆ ಹೊಕ್ಕಿದ್ರೆ, ಬ್ಯಾಕಪ್ ತಗೊಂಡು ಒರೆಸೋದೇ ವಾಸಿ. ಕಂಪ್ಯೂಟರ್‌ನ ಬೇರೆಯವರಿಗೆ ಮಾರುವಾಗ ಒರೆಸಲೇಬೇಕು. ಹಾರ್ಡ್ ಡಿಸ್ಕೇ ಸಾಯ್ತಿದ್ರೆ ಮಾತ್ರ ಫಾರ್ಮ್ಯಾಟ್‌ನಿಂದ ಪ್ರಯೋಜನ ಇಲ್ಲ. ಡೇಟಾ ತೆಗೆದು ಡಿಸ್ಕ್ ಬದಲಾಯಿಸ್ಬೇಕು.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್ ನೀಲಿ ಪರದೆ ತೋರಿಸಿದ್ವು, ಅದು ಮೈಕ್ರೋಸಾಫ್ಟ್‌ನದೇ ಅಂದಾಜು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ರು. ಆ ಮೆಷಿನ್‌ಗಳಲ್ಲಿ ಲಾಗಿನ್‌ವರೆಗೂ ಹೋಗೋಕೆ ಆಗ್ತಿರ್ಲಿಲ್ಲ, ನಮ್ಮ ಪ್ಯಾನೆಲ್ ತೊಂದರೆಗಿಂತ ಎಷ್ಟೋ ಪಾಲು ದೊಡ್ಡದು. ಪರಿಹಾರ ಏನಿತ್ತು? ಸೇಫ್ ಮೋಡ್‌ಗೆ ಹೋಗಿ, ಆ ಕೆಟ್ಟ ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಿ. ಅಷ್ಟು ದೊಡ್ಡ ಗಲಾಟೆಗೂ ಒಂದು ಫೈಲ್ ಹುಡುಕಿ ತೆಗೆದರು.

8/8

ಕೊನೇದಾಗಿ, ನೀವು ಅಂಗಡಿಗೆ ಹೋಗಲೇಬೇಕಾಗಿ ಬಂದ್ರೆ ಸಿಪಿಯು ಕೊಡೋಕೆ ಮುಂಚೆ ನಾಲ್ಕು ಮಾತು ಕೇಳಿ. ಜಗಳದ ಧಾಟಿಯಲ್ಲಿ ಬೇಡ, ನಗ್ತಾ ಕೇಳಿ.

"ಅಣ್ಣಾ, ಹೊಸ ಯೂಸರ್ ಮಾಡಿ ನೋಡಿದ್ರಾ?"
"ಒರೆಸೋಕೆ ಮುಂಚೆ ಬ್ಯಾಕಪ್ ತಗೊಂಡು ನನಗೆ ತೋರಿಸ್ತೀರಾ?"
"ಟ್ಯಾಲಿ ಡೇಟಾ ಫೋಲ್ಡರ್, ನುಡಿ ಫಾಂಟ್ ಸೇರಿದೆಯಾ?"
"ಫಾರ್ಮ್ಯಾಟ್ ಮಾಡದೇ ಸರಿ ಮಾಡಿದ್ರೂ ಅಷ್ಟೇ ದುಡ್ಡು ಕೊಡ್ತೀನಿ, ಸ್ವಲ್ಪ ನೋಡ್ತೀರಾ?"

ನಾಲ್ಕನೇ ಮಾತು ಬಿಡ್ಬೇಡಿ. ಆ ಮಾತು ಕೇಳಿದ ಮೇಲೆ ಅಂಗಡಿಯವರು ಕುರ್ಚಿ ಎಳ್ಕೊಂಡು ಕೂತು ನೋಡೋದನ್ನ ನಾನು ಕಂಡಿದೀನಿ.

ಮನೆಯವರಿಗೂ ಹೇಳಿ. ಅಪ್ಪನ ಅಂಗಡಿ ಲೆಕ್ಕ, ಅತ್ತೆಯ ಚೀಟಿ ಪಟ್ಟಿ, ಪಕ್ಕದ ಮನೆ ಆಂಟಿಯ ಟೈಲರಿಂಗ್ ಆರ್ಡರ್ ಎಲ್ಲಾ ಈಗ ಆ ಡಬ್ಬದ ಒಳಗೇ ಇದೆ. ಅವರಿಗೆ ಕಂಪ್ಯೂಟರ್ ಅಂದ್ರೆ ಆ ಕೆಳಗಿನ ಪಟ್ಟಿ. ಪಟ್ಟಿ ಹೋದ್ರೆ ಎಲ್ಲಾ ಹೋಯ್ತು ಅಂದ್ಕೊಳ್ತಾರೆ. "ಏನೂ ಹೋಗಿಲ್ಲ, ಒಳಗೇ ಇದೆ, ಇರಿ ನೋಡ್ತೀನಿ" ಅಂತ ಹೇಳೋಕೆ ಮನೇಲಿ ಒಬ್ಬರಿದ್ರೆ ಸಾಕು. ಆ ಒಬ್ಬರು ನೀವಾಗಿ. ಡಿಗ್ರಿ ಮುಗಿದು ನಾಳೆ ನಾವು ಯಾವುದೋ ಆಡಿಟರ್ ಆಫೀಸಿಗೆ ಸೇರ್ತೀವಿ, ಇನ್ನೊಬ್ಬರ ಪುಸ್ತಕ ನಮ್ಮ ಕೈಗೆ ಬರುತ್ತೆ. ಅಭ್ಯಾಸ ಈಗಿಂದಾನೇ ಆಗ್ಲಿ.

ಇವತ್ತೇ ಒಂದು ಕೆಲಸ ಮಾಡಿ: ಟ್ಯಾಲಿ ತೆಗೆದು ಡೇಟಾ ಎಲ್ಲಿ ಕೂತಿದೆ ಅಂತ ನೋಡಿ, ಒಂದು ಪೆನ್‌ಡ್ರೈವ್‌ಗೆ ಕಾಪಿ ಹಾಕಿ, ಮೇಲೆ ತಾರೀಖು ಬರೆದಿಡಿ. ಹಾಕಿದ್ಮೇಲೆ ಕಾಮೆಂಟ್‌ನಲ್ಲಿ "ಆಯ್ತು" ಅನ್ನಿ. ಯಾವುದಾದ್ರೂ ಹೆಜ್ಜೆಯಲ್ಲಿ ಸಿಕ್ಕಾಕೊಂಡ್ರೆ ಪರದೆಯ ಫೋಟೋ ತೆಗೆದು ಮೆಸೇಜ್ ಮಾಡಿ. ಇಂಟರ್ನಲ್ಸ್ ನಡೀತಿದೆ, ಸ್ವಲ್ಪ ಲೇಟಾದ್ರೂ ಉತ್ತರ ಕೊಡ್ತೀನಿ.

#ಫಾರ್ಮ್ಯಾಟ್‌ಗೂಮುಂಚೆ #ಬಿಕಾಂಬದುಕು #ಕನ್ನಡದಲ್ಲಿಟೆಕ್ #ವಿಜಯನಗರ #ರಾಜಾಜಿನಗರ #ಬಸವೇಶ್ವರನಗರ #ಕೆಂಗೇರಿ